ಬಹುಪದರ ಕಾಂತೀಯ ರಚನೆಗಳ ಸಿಮ್ಯುಲೇಶನ್: ಸಿಎಂಟಿಜೆ ಇನ್‌ಸ್ಟಾಲ್ ಆಗದಿದ್ದಾಗ, ಆದ ಮೇಲೂ ಉತ್ತರ ಕೈಕೊಟ್ಟಾಗ

ಪ್ರಶ್ನೆ: ತಲಾ 1.5 ನ್ಯಾನೋಮೀಟರ್ ದಪ್ಪದ ಎರಡು ಕೋಬಾಲ್ಟ್-ಐರನ್-ಬೋರಾನ್ ಪದರ, ನಡುವೆ ತೆಳು ರುಥೇನಿಯಂ. ಇದನ್ನು ಸಿಎಂಟಿಜೆ ಎಂಬ ಪೈಥಾನ್ ಲೈಬ್ರರಿಯಲ್ಲಿ ಸಿಮ್ಯುಲೇಟ್ ಮಾಡಲು ಹೊರಟಿದ್ದೇನೆ. ಸ್ಯಾಚುರೇಶನ್ (ಪದರ ತಲುಪಬಲ್ಲ ಗರಿಷ್ಠ ಮ್ಯಾಗ್ನೆಟೈಸೇಶನ್) 1.2 ಟೆಸ್ಲಾ, ಡ್ಯಾಂಪಿಂಗ್ (ಆಂದೋಲನ ಎಷ್ಟು ಬೇಗ ಅಡಗುತ್ತದೆ ಎಂಬ ಅಳತೆ) 0.01, ಪದರಗಳ ನಡುವಿನ ಕಪ್ಲಿಂಗ್ (ಒಂದು ಪದರಕ್ಕೆ ಇನ್ನೊಂದರ ಮೇಲಿರುವ ಕಾಂತೀಯ ಹಿಡಿತ) ಪ್ರತಿ ಚದರ ಮೀಟರಿಗೆ 0.4 ಮಿಲಿಜೂಲ್. ಕಪ್ಲಿಂಗ್ ಚಿಹ್ನೆ ಪ್ಲಸ್ ಇಟ್ಟೂ ಮೈನಸ್ ಇಟ್ಟೂ ನೋಡಿದ್ದೇನೆ. ನನ್ನ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಇನ್‌ಸ್ಟಾಲ್ ಆಗಲೇ ಇಲ್ಲ, 'ವಿಷುಯಲ್ ಸಿ ಪ್ಲಸ್ ಪ್ಲಸ್ 14 ಬೇಕು' ಎಂಬ ಎರರ್. ಇನ್ನೊಂದು ಕಂಪ್ಯೂಟರ್‌ನಲ್ಲಿ ಆಯಿತು, ಆದರೆ ಫಲಿತಾಂಶ ನಂಬುವಂತಿಲ್ಲ. ಮೈನಸ್ ಕಪ್ಲಿಂಗ್‌ನಲ್ಲಿ ಹಿಸ್ಟರೆಸಿಸ್ (ಕ್ಷೇತ್ರವನ್ನು ಏರಿಸಿ ಇಳಿಸಿದಾಗ ಮ್ಯಾಗ್ನೆಟೈಸೇಶನ್ ಬದಲಾಗುವ ಗ್ರಾಫ್) ತೆಗೆದರೆ ಎರಡು ಪದರಗಳೂ ಒಂದೇ ದಿಕ್ಕಿಗೆ ಅಂಟಿಕೊಂಡಿರುತ್ತವೆ. ಪ್ಲಸ್ ಕಪ್ಲಿಂಗ್‌ನಲ್ಲಿ ಪ್ರತಿ ಮೀಟರಿಗೆ 100 ಕಿಲೋಆಂಪಿಯರ್ ಕ್ಷೇತ್ರದಲ್ಲಿ ಮೇಲಿನ ಪದರಕ್ಕೆ ಮಾತ್ರ ಪಲ್ಸ್ ಕೊಟ್ಟರೆ ಆವರ್ತನದ ಗ್ರಾಫ್‌ನಲ್ಲಿ 11.4 ಮತ್ತು 18.2 ಗಿಗಾಹರ್ಟ್ಜ್‌ನಲ್ಲಿ ಎರಡು ಪೀಕ್ ಬರುತ್ತವೆ. ಕಪ್ಲಿಂಗ್ ಹೆಚ್ಚಿಸಿದರೆ ಎರಡನೆಯದು ಮೇಲೆ ಹೋಗುವ ಬದಲು ಕೆಳಗಿಳಿಯುತ್ತದೆ. ಎರಡೂ ಪದರಗಳಿಗೆ ಪಲ್ಸ್ ಕೊಟ್ಟರೆ ಅದು ಮಾಯವೇ ಆಗುತ್ತದೆ. ಟೈಮ್ ಸ್ಟೆಪ್ 1 ಪಿಕೋಸೆಕೆಂಡ್, ಲಾಗ್ ಚಿಕ್ಕದಿರಲೆಂದು 20 ಪಿಕೋಸೆಕೆಂಡಿಗೊಮ್ಮೆ ಸೇವ್ ಮಾಡುತ್ತಿದ್ದೇನೆ. ಟೈಮ್ ಸ್ಟೆಪ್ 5 ಪಿಕೋಸೆಕೆಂಡ್ ಮಾಡಿದರೆ ಪೀಕ್ ಅಗಲವಾಗುತ್ತದೆ. ಲೈಬ್ರರಿಯಲ್ಲೇ ದೋಷವಿದೆಯೇ?

ಉತ್ತರ: ದೋಷ ಲೈಬ್ರರಿಯಲ್ಲಿಲ್ಲ. ನೀವು ಹೇಳಿದ ಒಂದೊಂದು ಲಕ್ಷಣಕ್ಕೂ ಖಚಿತವಾದ ಕಾರಣವಿದೆ. ಅಂಕಿಗಳನ್ನು ಇಷ್ಟು ಸ್ಪಷ್ಟವಾಗಿ ಬರೆದಿರುವುದರಿಂದ ಕಾರಣವನ್ನು ಕಾಗದದ ಮೇಲೆ ಲೆಕ್ಕ ಹಾಕಿಯೇ ತೋರಿಸಬಹುದು. ಬಹುಪದರದ ಯಾವುದೇ ಸಿಮ್ಯುಲೇಶನ್‌ಗೆ ಮುನ್ನ ಕೈಲೆಕ್ಕದಿಂದ ಎರಡು ಮೂರು ಸಂಖ್ಯೆ ತೆಗೆದಿಟ್ಟುಕೊಳ್ಳಿ. ಲೈಬ್ರರಿ ಅವನ್ನು ಸರಿಯಾಗಿ ಕೊಡುವವರೆಗೆ ಮುಂದಿನ ಹೆಜ್ಜೆ ಇಡಬೇಡಿ. ಈ ಕೆಲಸದಲ್ಲಿ ಇದಕ್ಕಿಂತ ದೊಡ್ಡ ರಕ್ಷಣೆ ಬೇರೆ ಇಲ್ಲ.

ಮೊದಲು ಇನ್‌ಸ್ಟಾಲ್ ವಿಷಯ. ಕಮಾಂಡ್‌ಗಳನ್ನು ಇಲ್ಲಿ ಉಚ್ಚಾರಣೆಯಂತೆ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಟೈಪ್ ಮಾಡಿಕೊಳ್ಳಿ.

ಸಿಎಂಟಿಜೆಯ ಒಳಗಿನ ಲೆಕ್ಕಾಚಾರವೆಲ್ಲ ಸಿ ಪ್ಲಸ್ ಪ್ಲಸ್‌ನಲ್ಲಿದೆ, ಮೇಲಿನಿಂದ ಪೈಥಾನ್ ಹೊದಿಕೆ ಇದೆ. ನಿಮ್ಮ ಪೈಥಾನ್ ಆವೃತ್ತಿಗೂ ಆಪರೇಟಿಂಗ್ ಸಿಸ್ಟಂಗೂ ಹೊಂದುವ ಸಿದ್ಧ ವೀಲ್ ಫೈಲ್ (ಮೊದಲೇ ಕಂಪೈಲ್ ಆದ ಪ್ಯಾಕೇಜ್) ಸಿಕ್ಕರೆ ಪೈಥಾನ್‌ನ ಇನ್‌ಸ್ಟಾಲರ್ ಆದ ಪಿಪ್ ಅದನ್ನೇ ಇಳಿಸಿಕೊಳ್ಳುತ್ತದೆ, ಕೆಲಸ ಕ್ಷಣದಲ್ಲಿ ಮುಗಿಯುತ್ತದೆ. ಸಿಗದಿದ್ದರೆ ಮೂಲ ಕೋಡ್ ಇಳಿಸಿ ನಿಮ್ಮ ಕಂಪ್ಯೂಟರ್‌ನಲ್ಲೇ ಕಂಪೈಲ್ ಮಾಡಲು ಹೊರಡುತ್ತದೆ. ಅಲ್ಲಿ ಕಂಪೈಲರ್ ಇಲ್ಲದಿದ್ದರೆ ನೀವು ಕಂಡ ಎರರ್ ಬರುತ್ತದೆ. ಮೊನ್ನೆ ಮೊನ್ನೆ ಬಿಡುಗಡೆಯಾದ ಪೈಥಾನ್ ಹಾಕಿಕೊಂಡವರಿಗೆ ಇದು ಹೆಚ್ಚಾಗಿ ಆಗುತ್ತದೆ, ಏಕೆಂದರೆ ಹೊಸ ಆವೃತ್ತಿಗೆ ವೀಲ್‌ಗಳು ತಯಾರಾಗಲು ಸಮಯ ಹಿಡಿಯುತ್ತದೆ. ಹಾಗಾಗಿ ಕಂಪೈಲರ್ ಹುಡುಕುವ ಮೊದಲು ಒಂದೆರಡು ಆವೃತ್ತಿ ಹಳೆಯ ಪೈಥಾನ್‌ನಲ್ಲಿ ಪ್ರಯತ್ನಿಸಿ. ಅದೂ ಆಗದಿದ್ದರೆ ವಿಂಡೋಸ್‌ನಲ್ಲಿ ವಿಷುಯಲ್ ಸ್ಟುಡಿಯೋ ಬಿಲ್ಡ್ ಟೂಲ್ಸ್ ಇಳಿಸಿ, ಅದರಲ್ಲಿ 'ಡೆಸ್ಕ್‌ಟಾಪ್ ಡೆವಲಪ್‌ಮೆಂಟ್ ವಿತ್ ಸಿ ಪ್ಲಸ್ ಪ್ಲಸ್' ಎಂಬುದಕ್ಕೆ ಟಿಕ್ ಹಾಕಿ. ಬರೀ ರನ್‌ಟೈಮ್ ಪ್ಯಾಕೇಜ್ ಹಾಕಿದರೆ ಸಾಲದು, ಅದರಲ್ಲಿ ಕಂಪೈಲರ್ ಇರುವುದಿಲ್ಲ. ಮ್ಯಾಕ್‌ನಲ್ಲಿ ಎಕ್ಸ್‌ಕೋಡ್ ಕಮಾಂಡ್ ಲೈನ್ ಟೂಲ್ಸ್ ಇದ್ದರೆ ಸಾಕು. ಉಬುಂಟು, ಡೆಬಿಯನ್‌ಗಳಲ್ಲಿ ಬಿಲ್ಡ್-ಎಸೆನ್ಶಿಯಲ್ ಮತ್ತು ಪೈಥಾನ್3-ಡೆವ್ ಎರಡೂ ಬೇಕು. ಎರಡನೆಯದನ್ನು ಮರೆತರೆ 'ಪೈಥಾನ್ ಡಾಟ್ ಎಚ್ ಫೈಲ್ ಇಲ್ಲ' ಎಂದು ಕಂಪೈಲ್ ನಡುವೆಯೇ ನಿಲ್ಲುತ್ತದೆ.

ಯಾವ ಸಿಸ್ಟಂ ಆದರೂ ವರ್ಚುಯಲ್ ಎನ್ವಿರಾನ್‌ಮೆಂಟ್ (ಈ ಕೆಲಸಕ್ಕೆಂದೇ ಪ್ರತ್ಯೇಕವಾದ ಪೈಥಾನ್ ಜಾಗ) ಮಾಡಿಕೊಂಡೇ ಮುಂದುವರಿಯಿರಿ: 'ಪೈಥಾನ್ ಮೈನಸ್-ಎಂ ವೆನ್ವ್' ಎಂದು ಬರೆದು ಒಂದು ಫೋಲ್ಡರ್ ಹೆಸರು ಕೊಡಿ, ಅದನ್ನು ಆಕ್ಟಿವೇಟ್ ಮಾಡಿ, ಆಮೇಲೆ 'ಪೈಥಾನ್ ಮೈನಸ್-ಎಂ ಪಿಪ್ ಇನ್‌ಸ್ಟಾಲ್' ಎಂದು ಮೊದಲು ಪಿಪ್ ಅನ್ನೇ ಅಪ್‌ಗ್ರೇಡ್ ಮಾಡಿ, ನಂತರ ಸಿಎಂಟಿಜೆ, ನಮ್‌ಪೈ, ಸೈಪೈ, ಮ್ಯಾಟ್‌ಪ್ಲಾಟ್‌ಲಿಬ್ ಹಾಕಿ. ಬರೀ 'ಪಿಪ್ ಇನ್‌ಸ್ಟಾಲ್' ಎಂದು ಕೊಡದೆ ಪೈಥಾನ್ ಮೂಲಕ ಪಿಪ್ ಕರೆಯುವುದು ಒಳ್ಳೆಯದು: ಕಂಪ್ಯೂಟರ್‌ನಲ್ಲಿ ಎರಡು ಮೂರು ಪೈಥಾನ್ ಇದ್ದರೆ ಪಿಪ್ ಒಂದಕ್ಕೆ ಹಾಕುತ್ತದೆ, ಸ್ಕ್ರಿಪ್ಟ್ ಇನ್ನೊಂದರಲ್ಲಿ ಓಡುತ್ತದೆ, 'ಮಾಡ್ಯೂಲ್ ಸಿಗಲಿಲ್ಲ' ಎನ್ನುತ್ತದೆ. ಡೆಬಿಯನ್ 12, ಉಬುಂಟು 23.04 ಮತ್ತು ನಂತರದವುಗಳಲ್ಲಿ ಸಿಸ್ಟಂ ಪೈಥಾನ್‌ಗೆ ನೇರವಾಗಿ ಹಾಕಲು ಹೋದರೆ 'ಎಕ್ಸ್‌ಟರ್ನಲಿ ಮ್ಯಾನೇಜ್ಡ್' ಎಂಬ ಎರರ್ ಬರುತ್ತದೆ. ಅದನ್ನು ಬಲವಂತದಿಂದ ಮುರಿಯಬೇಡಿ, ವರ್ಚುಯಲ್ ಎನ್ವಿರಾನ್‌ಮೆಂಟ್ ಮಾಡಿದರೆ ಅದು ತಾನಾಗಿಯೇ ಹೋಗುತ್ತದೆ. ಜುಪಿಟರ್ ನೋಟ್‌ಬುಕ್ ಬಳಸುವವರು ಅದೇ ಎನ್ವಿರಾನ್‌ಮೆಂಟ್‌ನಲ್ಲಿ ಐಪೈಕರ್ನಲ್ ಹಾಕಿ, ನೋಟ್‌ಬುಕ್‌ನಲ್ಲಿ ಆ ಕರ್ನಲ್ ಆರಿಸಬೇಕು.

ಇನ್ನೊಂದು ಎಡವಟ್ಟು. ಸ್ಕ್ರಿಪ್ಟ್‌ಗೆ ಲೈಬ್ರರಿಯ ಹೆಸರನ್ನೇ ಇಟ್ಟರೆ, ಇಲ್ಲವೇ ಮೂಲ ಕೋಡ್ ಇಳಿಸಿದ ಫೋಲ್ಡರಿನ ಒಳಗೇ ನಿಂತು ಸ್ಕ್ರಿಪ್ಟ್ ಓಡಿಸಿದರೆ, ಇನ್‌ಸ್ಟಾಲ್ ಆದದ್ದರ ಬದಲು ಎದುರಿಗಿರುವ ಫೈಲನ್ನೇ ಪೈಥಾನ್ ಎತ್ತಿಕೊಳ್ಳುತ್ತದೆ. ಎಲ್ಲ ಸರಿಯಿದ್ದೂ ಇಂಪೋರ್ಟ್ ಆಗುತ್ತಿಲ್ಲ ಎಂದಾದರೆ ಮೊದಲು ಇದನ್ನು ನೋಡಿ. ಎಲ್ಲವೂ ಸರಿಯಾದ ದಿನ 'ಪಿಪ್ ಫ್ರೀಜ್' ಕೊಟ್ಟು ಆವೃತ್ತಿಗಳ ಪಟ್ಟಿಯನ್ನು ಫಲಿತಾಂಶದ ಜೊತೆಗೇ ಇಟ್ಟುಕೊಳ್ಳಿ.

ಇನ್ನು ಯೂನಿಟ್‌ಗಳು. ಸಮಯದಲ್ಲಿ ಹೆಜ್ಜೆ ಹಾಕುವ ಸಿಮ್ಯುಲೇಶನ್‌ನಲ್ಲಿ, ಅಂದರೆ ಲೇಯರ್ (ಒಂದು ಪದರ) ಮತ್ತು ಜಂಕ್ಷನ್ (ಪದರಗಳ ಜೋಡಣೆ) ಬಳಸುವಾಗ, ಈ ಲೈಬ್ರರಿ ಸ್ಯಾಚುರೇಶನ್ ಮ್ಯಾಗ್ನೆಟೈಸೇಶನ್ ಅನ್ನು ಟೆಸ್ಲಾದಲ್ಲಿ ಕೇಳುತ್ತದೆ. ಕ್ಷೇತ್ರ ಆಂಪಿಯರ್ ಪ್ರತಿ ಮೀಟರ್, ಅನೈಸೋಟ್ರಪಿ (ಮ್ಯಾಗ್ನೆಟೈಸೇಶನ್ ಒಂದು ಅಕ್ಷದ ಕಡೆಗೇ ಒಲಿಯುವ ಗುಣ) ಜೂಲ್ ಪ್ರತಿ ಘನ ಮೀಟರ್, ಪದರಗಳ ಕಪ್ಲಿಂಗ್ ಜೂಲ್ ಪ್ರತಿ ಚದರ ಮೀಟರ್, ದಪ್ಪ ಮೀಟರ್. ನಿಮ್ಮ 1.2 ಟೆಸ್ಲಾ ಎಂದರೆ ಪ್ರತಿ ಮೀಟರಿಗೆ 955 ಕಿಲೋಆಂಪಿಯರ್. ಅಭ್ಯಾಸಬಲದಿಂದ 955000 ಎಂದು ತುಂಬಿದರೆ ಡಿಮ್ಯಾಗ್ನೆಟೈಸಿಂಗ್ ಕ್ಷೇತ್ರ (ಪದರದ ಆಕಾರದಿಂದ ಹುಟ್ಟುವ ವಿರೋಧಿ ಕ್ಷೇತ್ರ) ಎಂಟು ಲಕ್ಷ ಪಟ್ಟು ಹಿಗ್ಗುತ್ತದೆ. ಮ್ಯಾಗ್ನೆಟೈಸೇಶನ್ ಅರ್ಥವಿಲ್ಲದೆ ಜಿಗಿದಾಡುತ್ತದೆ ಅಥವಾ ಲಾಗ್ ತುಂಬ ನ್ಯಾನ್ (ಸಂಖ್ಯೆಯೇ ಅಲ್ಲದ ಉತ್ತರ) ಬರುತ್ತದೆ. ಇದು ಕೂಡಲೇ ಕಣ್ಣಿಗೆ ಬೀಳುವ ತಪ್ಪು, ಹಾಗಾಗಿ ಅಷ್ಟು ಅಪಾಯವಿಲ್ಲ. ಅಪಾಯವಿರುವುದು ಬೇರೆ ಕಡೆ: ಇದೇ ಲೈಬ್ರರಿಯಲ್ಲಿ ಶಕ್ತಿಯ ಸೂತ್ರದಿಂದ ನೇರವಾಗಿ ಅನುರಣನ ಆವರ್ತನ ತೆಗೆಯುವ ಸ್ಮಿಟ್-ಬೆಲ್ಜರ್ಸ್ ವಿಭಾಗ ಸ್ಯಾಚುರೇಶನ್ ಅನ್ನು ಆಂಪಿಯರ್ ಪ್ರತಿ ಮೀಟರಿನಲ್ಲಿ ಕೇಳುತ್ತದೆ, ಕೋನಗಳನ್ನು ರೇಡಿಯನ್‌ನಲ್ಲಿ. ಒಂದು ವಿಭಾಗದಿಂದ ಇನ್ನೊಂದಕ್ಕೆ ಸಂಖ್ಯೆ ನಕಲು ಮಾಡುವ ಮುನ್ನ ಆ ಫಂಕ್ಷನ್‌ನ ಹೆಲ್ಪ್ ತೆರೆದು ಒಮ್ಮೆ ಓದಿ.

ಲಂಬ ಅನೈಸೋಟ್ರಪಿ ಇರುವ ಪದರಗಳಲ್ಲಿ ಇನ್ನೂ ಸೂಕ್ಷ್ಮವಾದ ತಪ್ಪು ನುಸುಳುತ್ತದೆ. ಅಗಲ ಫಿಲ್ಮ್‌ಗೆ ಡಿಮ್ಯಾಗ್ ಟೆನ್ಸರ್‌ನಲ್ಲಿ ಝಡ್-ಝಡ್ ಸ್ಥಾನ ಮಾತ್ರ 1, ಉಳಿದದ್ದೆಲ್ಲ ಸೊನ್ನೆ. ಹೀಗೆ ಕೊಟ್ಟ ಮೇಲೆ ಅನೈಸೋಟ್ರಪಿ ಜಾಗದಲ್ಲಿ ಪೂರ್ತಿ ಮೌಲ್ಯ ಬರಬೇಕು, ಆಕಾರದ ಪಾಲು ಕಳೆದು ಉಳಿದ ಪರಿಣಾಮಕಾರಿ ಮೌಲ್ಯವಲ್ಲ. 1.2 ಟೆಸ್ಲಾಗೆ ಆಕಾರದ ಪಾಲೇ ಪ್ರತಿ ಘನ ಮೀಟರಿಗೆ 573 ಕಿಲೋಜೂಲ್. ಪ್ರಯೋಗದಿಂದ ಬಂದ ಪರಿಣಾಮಕಾರಿ ಮೌಲ್ಯ 155 ಕಿಲೋಜೂಲ್ ಎಂದಿಟ್ಟುಕೊಳ್ಳಿ. ಅದನ್ನೇ ಟೆನ್ಸರ್ ಜೊತೆ ತುಂಬಿದರೆ ಆಕಾರದ ಪಾಲು ಎರಡು ಸಲ ಕಳೆದಂತಾಗಿ, ಲಂಬವಾಗಿ ನಿಲ್ಲಬೇಕಾದ ಮ್ಯಾಗ್ನೆಟೈಸೇಶನ್ ಪದರದ ಸಮತಲಕ್ಕೆ ಮಲಗುತ್ತದೆ. ತುಂಬಬೇಕಾದ್ದು 728.

ಈಗ ಕೈಲೆಕ್ಕದ ಸಂಖ್ಯೆಗಳು. ಮೊದಲನೆಯದಕ್ಕೆ ಒಂದೇ ಪದರ ಸಾಕು, ಕಪ್ಲಿಂಗ್ ಬೇಡ. ಸಮತಲದಲ್ಲಿ ಕ್ಷೇತ್ರವಿರುವಾಗ, ಅನುರಣನ ಆವರ್ತನ ಕೊಡುವ ಕಿಟೆಲ್ ಸೂತ್ರದ ಪ್ರಕಾರ, ಕ್ಷೇತ್ರವನ್ನು ಕ್ಷೇತ್ರ ಮತ್ತು ಸ್ಯಾಚುರೇಶನ್‌ಗಳ ಮೊತ್ತದಿಂದ ಗುಣಿಸಿ ವರ್ಗಮೂಲ ತೆಗೆದು, ಪ್ರತಿ ಆಂಪಿಯರ್ ಪ್ರತಿ ಮೀಟರಿಗೆ 35.2 ಕಿಲೋಹರ್ಟ್ಜ್‌ನಿಂದ ಗುಣಿಸಬೇಕು. 100 ಮತ್ತು 1055ರ ಗುಣಲಬ್ಧದ ವರ್ಗಮೂಲ ಸುಮಾರು 325 ಕಿಲೋಆಂಪಿಯರ್, ಆವರ್ತನ 11.4 ಗಿಗಾಹರ್ಟ್ಜ್. ನಿಮ್ಮ ಮೊದಲ ಪೀಕ್ ಇದೇ, ಸರಿಯಾಗಿಯೇ ಇದೆ. ಎರಡು ಪದರಗಳು ಒಟ್ಟಿಗೆ ಒಂದೇ ಲಯದಲ್ಲಿ ಸುತ್ತುವ ಈ ಅಕೂಸ್ಟಿಕ್ ಮೋಡ್‌ಗೆ ಕಪ್ಲಿಂಗ್ ಇರುವುದೇ ಗೊತ್ತಾಗುವುದಿಲ್ಲ. ಕಪ್ಲಿಂಗ್ ಎಷ್ಟು ಬದಲಿಸಿದರೂ ಇದು 11.4ರಲ್ಲೇ ನಿಲ್ಲಬೇಕು.

ಎರಡನೆಯದು, ಪದರಗಳು ಎದುರುಬದುರಾಗಿ ಸುತ್ತುವ ಆಪ್ಟಿಕ್ ಮೋಡ್. ಇದಕ್ಕೆ ಕ್ಷೇತ್ರದ ಜೊತೆ ಕಪ್ಲಿಂಗ್ ಕ್ಷೇತ್ರವೂ ಸೇರುತ್ತದೆ. ಕಪ್ಲಿಂಗ್‌ನ ಎರಡರಷ್ಟನ್ನು ದಪ್ಪದಿಂದಲೂ ಟೆಸ್ಲಾದಲ್ಲಿನ ಸ್ಯಾಚುರೇಶನ್‌ನಿಂದಲೂ ಭಾಗಿಸಿದರೆ ಆ ಕ್ಷೇತ್ರ ಸಿಗುತ್ತದೆ, ನಿಮ್ಮಲ್ಲಿ 444 ಕಿಲೋಆಂಪಿಯರ್ ಪ್ರತಿ ಮೀಟರ್. ಸೂತ್ರದಲ್ಲಿ 100ರ ಜಾಗಕ್ಕೆ 544 ಇಟ್ಟರೆ ಆವರ್ತನ 31.8 ಗಿಗಾಹರ್ಟ್ಜ್. ನೀವು ಕಂಡದ್ದು 18.2. 50ರಿಂದ 31.8 ಕಳೆಯಿರಿ: 18.2.

ಪ್ರತಿ 20 ಪಿಕೋಸೆಕೆಂಡಿಗೊಮ್ಮೆ ಸೇವ್ ಮಾಡಿದರೆ ಸ್ಯಾಂಪ್ಲಿಂಗ್ ದರ 50 ಗಿಗಾಹರ್ಟ್ಜ್, ಆ ಡೇಟಾದಲ್ಲಿ ಸರಿಯಾಗಿ ಕಾಣಬಲ್ಲ ಗರಿಷ್ಠ ಆವರ್ತನ ಅದರರ್ಧ, 25. ಅದಕ್ಕಿಂತ ಮೇಲಿನದೆಲ್ಲ 25ರ ಗೆರೆಯಲ್ಲಿ ಮಡಚಿಕೊಂಡು ಕೆಳಗೆ ಬಂದು ಕೂರುತ್ತದೆ. ನಿಜವಾದ ಆವರ್ತನ ಏರಿದಂತೆಲ್ಲ ಅದರ ಮಡಿಕೆ ಇಳಿಯುತ್ತದೆ. ಕಪ್ಲಿಂಗ್ ಅನ್ನು 0.5ಕ್ಕೆ ಏರಿಸಿದರೆ ನಿಜವಾದ ಮೋಡ್ 36.1ಕ್ಕೆ ಹೋಗುತ್ತದೆ, ನಿಮ್ಮ ಗ್ರಾಫ್‌ನಲ್ಲಿ 13.9ರಲ್ಲಿ ಕಾಣುತ್ತದೆ. ಒಳಗಿನ ಲೆಕ್ಕ 1 ಪಿಕೋಸೆಕೆಂಡ್ ಹೆಜ್ಜೆಯಲ್ಲಿ ಸರಿಯಾಗಿಯೇ ನಡೆದಿದೆ, ಕೆಟ್ಟದ್ದು ಬರೆದಿಟ್ಟ ಡೇಟಾ ಮಾತ್ರ. ಟೈಮ್ ಸ್ಟೆಪ್ ಸಣ್ಣದಿದೆಯಲ್ಲ ಎಂದು ಧೈರ್ಯವಾಗಿರುವವರು ಇಲ್ಲಿಯೇ ಮೋಸಹೋಗುತ್ತಾರೆ. ರನ್‌ಸಿಮ್ಯುಲೇಶನ್ ಕರೆಯುವಾಗ ಒಟ್ಟು ಸಮಯ, ಟೈಮ್ ಸ್ಟೆಪ್, ಬರೆಯುವ ಅಂತರ ಎಂದು ಮೂರು ಸಂಖ್ಯೆ ಕೊಡುತ್ತೀರಿ. ಮೂರನೆಯದನ್ನು 4 ಪಿಕೋಸೆಕೆಂಡ್ ಮಾಡಿ. ಆಗ 125 ಗಿಗಾಹರ್ಟ್ಜ್‌ವರೆಗೆ ಭಯವಿಲ್ಲ. 5 ನ್ಯಾನೋಸೆಕೆಂಡ್ ಓಡಿಸಿದರೂ ಲಾಗ್‌ನಲ್ಲಿ ಬರುವುದು 1250 ಸಾಲು ಮಾತ್ರ. ಮುಂದೆ ಯಾವುದಾದರೂ ಪೀಕ್ ಬಗ್ಗೆ ಅನುಮಾನ ಬಂದರೆ ಬರೆಯುವ ಅಂತರವನ್ನು ಮಾತ್ರ ಬದಲಿಸಿ ನೋಡಿ. ನಿಜವಾದ ಪೀಕ್ ಕದಲುವುದಿಲ್ಲ, ಮಡಚಿ ಬಂದದ್ದು ಜಾಗ ಬದಲಿಸುತ್ತದೆ.

ಎರಡೂ ಪದರಗಳಿಗೆ ಪಲ್ಸ್ ಕೊಟ್ಟಾಗ ಪೀಕ್ ಮಾಯವಾದದ್ದು ಸರಿಯಾದ ಭೌತಶಾಸ್ತ್ರವೇ. ಎರಡು ಪದರಗಳೂ ಎಲ್ಲ ರೀತಿಯಲ್ಲೂ ಒಂದೇ ಆಗಿದ್ದು, ಎರಡಕ್ಕೂ ಒಂದೇ ತಳ್ಳು ಸಿಕ್ಕರೆ ಅವು ಒಟ್ಟಿಗೇ ಅಲ್ಲಾಡುತ್ತವೆ, ಎದುರುಬದುರಾಗಿ ಅಲ್ಲಾಡಲು ಕಾರಣವೇ ಇಲ್ಲ. ಆಪ್ಟಿಕ್ ಮೋಡ್ ಬೇಕೆಂದರೆ ನೀವು ಮಾಡಿದಂತೆ ಒಂದಕ್ಕೇ ಪಲ್ಸ್ ಕೊಡಿ, ಇಲ್ಲವೇ ಪದರಗಳ ಸ್ಯಾಚುರೇಶನ್ ಬೇರೆ ಬೇರೆ ಇಡಿ. ಪಲ್ಸ್ ಕ್ಷೇತ್ರಕ್ಕೆ ಅಡ್ಡವಾಗಿರಲಿ, ಪ್ರಮಾಣ ಮುಖ್ಯ ಕ್ಷೇತ್ರದ ಕೆಲವೇ ಶೇಕಡ ಇರಲಿ. ಜಾಸ್ತಿಯಾದರೆ ರೇಖೀಯವಲ್ಲದ ಪರಿಣಾಮದಿಂದ ಪೀಕ್ ಸರಿಯುತ್ತದೆ. ಓದುವಾಗಲೂ ಒಂದು ಉಪಾಯವಿದೆ: ಎರಡು ಪದರಗಳ ವೈ ಘಟಕಗಳ ಮೊತ್ತದ ಫೂರಿಯೆ (ಆವರ್ತನಗಳಾಗಿ ಬಿಡಿಸುವ ಲೆಕ್ಕ) ತೆಗೆದರೆ ಅಕೂಸ್ಟಿಕ್ ಮೋಡ್, ವ್ಯತ್ಯಾಸದ ಫೂರಿಯೆ ತೆಗೆದರೆ ಆಪ್ಟಿಕ್ ಮೋಡ್, ಒಂದಕ್ಕೊಂದು ಬೆರೆಯದೆ ಬರುತ್ತವೆ. ಲಾಗ್‌ನಲ್ಲಿ ಕಾಲಂ ಹೆಸರು ನೀವು ಲೇಯರ್‌ಗೆ ಇಟ್ಟ ಹೆಸರಿನಿಂದಲೇ ಶುರುವಾಗುತ್ತದೆ, ಹುಡುಕುವುದು ಸುಲಭ. ಫೂರಿಯೆಗೆ ಮುನ್ನ ಸರಾಸರಿಯನ್ನು ಕಳೆಯಲು ಮರೆಯಬೇಡಿ, ಇಲ್ಲದಿದ್ದರೆ ಸೊನ್ನೆ ಆವರ್ತನದ ದೊಡ್ಡ ಪೀಕ್ ಉಳಿದವನ್ನೆಲ್ಲ ಮುಚ್ಚುತ್ತದೆ.

ಎಷ್ಟು ಹೊತ್ತು ಓಡಿಸಬೇಕು ಎಂಬುದನ್ನೂ ಲೆಕ್ಕದಿಂದಲೇ ಹೇಳಬಹುದು. ನಿಮ್ಮ ಡ್ಯಾಂಪಿಂಗ್‌ನಲ್ಲಿ ಅಕೂಸ್ಟಿಕ್ ಮೋಡ್ ಸುಮಾರು 0.8 ನ್ಯಾನೋಸೆಕೆಂಡಿನಲ್ಲಿ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ, ಪೀಕ್‌ನ ಸಹಜ ಅಗಲ 0.4 ಗಿಗಾಹರ್ಟ್ಜ್. 5 ನ್ಯಾನೋಸೆಕೆಂಡಿನ ಡೇಟಾ 0.2 ಗಿಗಾಹರ್ಟ್ಜ್ ಸೂಕ್ಷ್ಮತೆ ಕೊಡುತ್ತದೆ, ಅಷ್ಟು ಸಾಕು. ಕೊನೆಯಲ್ಲಿ ಸೊನ್ನೆಗಳನ್ನು ಸೇರಿಸಿದರೆ ಗ್ರಾಫ್ ನುಣುಪಾಗುತ್ತದೆ, ಹೊಸ ಮಾಹಿತಿ ಬರುವುದಿಲ್ಲ.

5 ಪಿಕೋಸೆಕೆಂಡ್ ಸ್ಟೆಪ್‌ನಲ್ಲಿ ಪೀಕ್ ಅಗಲವಾದದ್ದಕ್ಕೆ ಬರುತ್ತೇನೆ. 31.8 ಗಿಗಾಹರ್ಟ್ಜ್‌ನ ಒಂದು ಸುತ್ತಿಗೆ 31 ಪಿಕೋಸೆಕೆಂಡ್. 5ರ ಹೆಜ್ಜೆಯಲ್ಲಿ ಒಂದು ಸುತ್ತಿಗೆ ಆರೇ ಬಿಂದು. ನಾಲ್ಕನೇ ಶ್ರೇಣಿಯ ರುಂಗೆ-ಕುಟ್ಟಾ ವಿಧಾನ ಇಷ್ಟು ಒರಟು ಹೆಜ್ಜೆಯಲ್ಲಿ ಸಿಡಿಯುವುದಿಲ್ಲ, ಆದರೆ ಪ್ರತಿ ಹೆಜ್ಜೆಗೂ ಆಂದೋಲನದ ಎತ್ತರವನ್ನು ಸುಮಾರು 0.6 ಶೇಕಡ ತಾನೇ ತಿಂದುಹಾಕುತ್ತದೆ. ಅದನ್ನು ಡ್ಯಾಂಪಿಂಗ್ ಆಗಿ ಎಣಿಸಿದರೆ, ಆ ಮೋಡ್‌ಗೆ ನೀವು ಕೊಟ್ಟ ನಿಜವಾದ ಡ್ಯಾಂಪಿಂಗ್‌ನ ಅರ್ಧದಷ್ಟು ಆಗುತ್ತದೆ. ಅಂದರೆ 0.01 ಎಂದು ಕೊಟ್ಟು 0.015 ಅಳೆದಂತೆ. ಈ ನಷ್ಟ, ನಿಗದಿತ ಕಾಲಾವಧಿಗೆ ಲೆಕ್ಕ ಹಾಕಿದರೆ, ಹೆಜ್ಜೆಯ ಐದನೇ ಘಾತದಂತೆ ಬೆಳೆಯುತ್ತದೆ. 1 ಪಿಕೋಸೆಕೆಂಡಿಗೆ ಇಳಿಸಿದರೆ ಸಾವಿರಾರು ಪಟ್ಟು ಕಡಿಮೆಯಾಗಿ ಲೆಕ್ಕಕ್ಕೇ ಸಿಗುವುದಿಲ್ಲ. ಆದ್ದರಿಂದ 1 ಪಿಕೋಸೆಕೆಂಡ್ ಉಳಿಸಿಕೊಳ್ಳಿ. ಡ್ಯಾಂಪಿಂಗ್ ಅಥವಾ ಲೈನ್‌ವಿಡ್ತ್ ಪ್ರಕಟಿಸುವುದಿದ್ದರೆ 0.5ರಲ್ಲೂ ಒಮ್ಮೆ ಓಡಿಸಿ, ಎರಡೂ ಒಂದೇ ಬಂದರೆ ಮಾತ್ರ ನಂಬಿ. ಪದರಗಳು ಇನ್ನೂ ತೆಳುವಾದರೆ, ಕಪ್ಲಿಂಗ್ ಇನ್ನೂ ಬಲವಾದರೆ, ಹೆಜ್ಜೆ ಅದಕ್ಕೆ ತಕ್ಕಂತೆ ಸಣ್ಣದಾಗಬೇಕು. ಅತಿ ವೇಗದ ಮೋಡ್‌ನ ಒಂದು ಸುತ್ತಿಗೆ ಮೂವತ್ತು ಹೆಜ್ಜೆಯಾದರೂ ಇರಲಿ.

ಹಿಸ್ಟರೆಸಿಸ್‌ನ ಕತೆ ಇದಕ್ಕಿಂತ ಆಳವಾಗಿದೆ. ಕಪ್ಲಿಂಗ್ ಮೈನಸ್ ಆದಾಗ ಪದರಗಳು ಒಂದಕ್ಕೊಂದು ವಿರುದ್ಧ ತಿರುಗಲು ಬಯಸುತ್ತವೆ, ಕ್ಷೇತ್ರ ಎರಡನ್ನೂ ತನ್ನತ್ತ ಎಳೆಯುತ್ತದೆ. ಕ್ಷೇತ್ರ 444 ಕಿಲೋಆಂಪಿಯರ್‌ಗಿಂತ ಮೇಲಿದ್ದರೆ ಎರಡೂ ಕ್ಷೇತ್ರದ ದಿಕ್ಕಿಗೆ. ಕೆಳಗಿಳಿದಂತೆ ಕತ್ತರಿಯ ಹಾಗೆ ತೆರೆದುಕೊಂಡು, ಸೊನ್ನೆಗೆ ಬಂದಾಗ ಎದುರುಬದುರು. ನಡುವೆ ಒಟ್ಟು ಮ್ಯಾಗ್ನೆಟೈಸೇಶನ್ ಕ್ಷೇತ್ರಕ್ಕೆ ನೇರ ಅನುಪಾತದಲ್ಲಿ ಇಳಿಯಬೇಕು. ಇದು ನಿಮ್ಮ ಮೂರನೇ ಕೈಲೆಕ್ಕ: ಸರಳರೇಖೆ, 444ರಲ್ಲಿ ಮೊಣಕಾಲು (ರೇಖೆ ಬಾಗುವ ಬಿಂದು). ಆಪ್ಟಿಕ್ ಮೋಡ್‌ನಲ್ಲಿ ಬಂದ 444ಕ್ಕೂ ಇದಕ್ಕೂ ಸೂತ್ರ ಒಂದೇ, ಚಿಹ್ನೆ ಮಾತ್ರ ಬೇರೆ.

ನಿಮ್ಮ ಸಿಮ್ಯುಲೇಶನ್‌ನಲ್ಲಿ ಕತ್ತರಿ ತೆರೆಯಲೇ ಇಲ್ಲ. ಎರಡೂ ಪದರಗಳು ನಿಖರವಾಗಿ ಒಂದೇ ದಿಕ್ಕಿನಲ್ಲಿದ್ದರೆ ಒಂದರ ಮೇಲೆ ಇನ್ನೊಂದರ ಕಪ್ಲಿಂಗ್ ಟಾರ್ಕ್ ಸೊನ್ನೆ, ಏಕೆಂದರೆ ಟಾರ್ಕ್ ಅವುಗಳ ಕ್ರಾಸ್ ಪ್ರಾಡಕ್ಟ್. ಅದು ಅಸ್ಥಿರ ಸಮತೋಲನ ನಿಜ, ಆದರೆ ತಾಪಮಾನದ ಅಲುಗಾಟವಿಲ್ಲದ ಸಿಮ್ಯುಲೇಶನ್‌ನಲ್ಲಿ ಅದನ್ನು ಕದಲಿಸುವವರು ಯಾರೂ ಇಲ್ಲ. ಸಾಮಾನ್ಯವಾಗಿ ಕೊಡುವ ಸಲಹೆ, ಕ್ಷೇತ್ರವನ್ನು ಒಂದು ಡಿಗ್ರಿ ಓರೆ ಮಾಡಿ ಎಂಬುದು. ಒಂಟಿ ಪದರಕ್ಕೆ ಅದು ಸಾಕು. ಇಲ್ಲಿ ಸಾಲದು: ಕ್ಷೇತ್ರ ಓರೆಯಾದರೆ ಎರಡು ಪದರಗಳೂ ಅಷ್ಟೇ ಓರೆಯಾಗಿ, ಮತ್ತೆ ಒಂದೇ ದಿಕ್ಕಿನಲ್ಲಿ ನಿಲ್ಲುತ್ತವೆ. ದಪ್ಪ ಬೇರೆ ಬೇರೆ ಇಟ್ಟರೂ ಇದೇ ಗತಿ. ಆರಂಭದ ದಿಕ್ಕುಗಳನ್ನು ಸ್ವಲ್ಪ ಬೇರೆಯಾಗಿ ಇಡಬಹುದು, ಆದರೆ ಸ್ಯಾಚುರೇಶನ್‌ನಲ್ಲಿ ನ್ಯಾನೋಸೆಕೆಂಡುಗಟ್ಟಲೆ ಓಡಿಸುವಾಗ ಆ ವ್ಯತ್ಯಾಸ ಕರಗಿ ಕಂಪ್ಯೂಟರಿನ ನಿಖರತೆಯ ಮಟ್ಟಕ್ಕೆ ಇಳಿದುಹೋಗುತ್ತದೆ.

ಸರಿಯಾದ ದಾರಿ ಎಂದರೆ ಎರಡು ಪದರಗಳಿಗೂ ಸಮತಲದಲ್ಲಿ ಸಣ್ಣ ಅನೈಸೋಟ್ರಪಿ ಕೊಡುವುದು, ಅಕ್ಷಗಳನ್ನು ತುಸು ಬೇರೆ ಮಾಡುವುದು. ನಿಜವಾದ ಫಿಲ್ಮ್‌ಗಳಲ್ಲೂ ಇಂಥ ಸಣ್ಣ ವ್ಯತ್ಯಾಸ ಇದ್ದೇ ಇರುತ್ತದೆ. ಪ್ರತಿ ಘನ ಮೀಟರಿಗೆ 1 ಕಿಲೋಜೂಲ್ ಸಾಕು. ಕ್ಷೇತ್ರದ ದಿಕ್ಕಿನಿಂದ ಒಂದು ಪದರದ ಅಕ್ಷ 88 ಡಿಗ್ರಿ, ಇನ್ನೊಂದರದು 92 ಡಿಗ್ರಿ ಇರಲಿ. ಆಗ ಒಂದು ಎಡಕ್ಕೆ, ಇನ್ನೊಂದು ಬಲಕ್ಕೆ ವಾಲಿ ಕತ್ತರಿ ತಾನಾಗಿ ತೆರೆಯುತ್ತದೆ. ಮೊಣಕಾಲು 444ರಿಂದ 446ಕ್ಕೆ ಸರಿಯುತ್ತದೆ, ಅಷ್ಟೇ. ಅಕ್ಷಗಳನ್ನು ಕ್ಷೇತ್ರದ ಉದ್ದಕ್ಕೇ ಇಟ್ಟರೆ ಸೊನ್ನೆಯ ಆಚೀಚೆ ಸುಮಾರು 27 ಕಿಲೋಆಂಪಿಯರ್‌ವರೆಗೆ ಸಪಾಟಾದ ತುಂಡು ಕಾಣುತ್ತದೆ. ಅದು ಸ್ಪಿನ್-ಫ್ಲಾಪ್ (ಎದುರುಬದುರಾದ ಪದರಗಳು ಒಂದು ಕ್ಷೇತ್ರ ದಾಟಿದ ಮೇಲೆ ಒಮ್ಮೆಲೇ ಅಡ್ಡಕ್ಕೆ ತಿರುಗುವುದು), ದೋಷವಲ್ಲ. ನಿಮ್ಮ ಸ್ಯಾಂಪಲ್‌ನ ಈಸಿ ಆಕ್ಸಿಸ್‌ನಲ್ಲಿ ಅಳೆದಾಗಲೂ ಅಂಥದ್ದು ಕಾಣಬಹುದು.

ಲೂಪ್ ಬರೆಯುವಾಗ ಜಂಕ್ಷನ್ ಅನ್ನು ಒಮ್ಮೆ ಮಾತ್ರ, ಲೂಪ್‌ನ ಹೊರಗೆ ಕಟ್ಟಿ. ಪ್ರತಿ ಕ್ಷೇತ್ರಕ್ಕೂ ಹೊಸದಾಗಿ ಕಟ್ಟಿದರೆ ಹಿಂದಿನ ಸ್ಥಿತಿಯ ನೆನಪು ಅಳಿಸಿಹೋಗುತ್ತದೆ, ನೆನಪಿಲ್ಲದೆ ಹಿಸ್ಟರೆಸಿಸ್ ಇಲ್ಲ. ಪ್ರತಿ ಹಂತದಲ್ಲಿ ಕ್ಲಿಯರ್‌ಲಾಗ್ ಕರೆಯಿರಿ: ಅದು ಬರೆದಿಟ್ಟ ಡೇಟಾವನ್ನು ಮಾತ್ರ ಅಳಿಸುತ್ತದೆ, ಮ್ಯಾಗ್ನೆಟೈಸೇಶನ್ ಇದ್ದಲ್ಲೇ ಇರುತ್ತದೆ. ಆಮೇಲೆ ಹೊಸ ಕ್ಷೇತ್ರದ ಡ್ರೈವರ್ ಅನ್ನು 'ಆಲ್' ಎಂಬ ಹೆಸರಿನಿಂದ ಎಲ್ಲ ಪದರಗಳಿಗೂ ಕೊಟ್ಟು ಓಡಿಸಿ, ಲಾಗ್‌ನ ಕೊನೆಯ ಹತ್ತನೇ ಒಂದು ಭಾಗದ ಸರಾಸರಿ ತೆಗೆದುಕೊಳ್ಳಿ. ಪ್ಲಸ್ 600ರಿಂದ ಮೈನಸ್ 600ಕ್ಕೆ 10ರ ಹೆಜ್ಜೆಯಲ್ಲಿ ಹೋಗಿ, ಮತ್ತೆ ಹಿಂದಕ್ಕೆ ಬನ್ನಿ. ಬರೀ ಸ್ಥಿರ ಸ್ಥಿತಿ ಬೇಕಾಗಿರುವುದರಿಂದ ಇಲ್ಲಿ ಡ್ಯಾಂಪಿಂಗ್ ಅನ್ನು 0.3ಕ್ಕೆ ಏರಿಸಬಹುದು, ಪ್ರತಿ ಬಿಂದುವಿಗೆ 2 ನ್ಯಾನೋಸೆಕೆಂಡ್ ಸಾಕಾಗುತ್ತದೆ. ಮೊಣಕಾಲಿನ ಹತ್ತಿರ ಮಾತ್ರ ಎಲ್ಲವೂ ನಿಧಾನವಾಗುತ್ತದೆ, ಅಲ್ಲಿ 10 ನ್ಯಾನೋಸೆಕೆಂಡ್ ಕೊಡಿ. ಪೀಕ್ ತೆಗೆಯುವ ಸ್ಕ್ರಿಪ್ಟ್‌ಗೆ ಹೋಗುವಾಗ 0.01ಕ್ಕೆ ವಾಪಸ್ ತರಲು ಮರೆಯಬೇಡಿ.

ಕೋಡ್ ಬರೆಯುವಾಗ ಬಹಳ ಜನ ಎಡವುವ ಇನ್ನೊಂದು ಜಾಗವಿದೆ. ಲೇಯರ್‌ಗಳನ್ನು ಜಂಕ್ಷನ್‌ಗೆ ಕೊಟ್ಟಾಗ ಅದು ಅವುಗಳ ಪ್ರತಿ ಮಾಡಿಕೊಳ್ಳುತ್ತದೆ. ಆಮೇಲೆ ಪೈಥಾನ್‌ನಲ್ಲಿರುವ ಮೂಲ ಲೇಯರ್‌ನಲ್ಲಿ ಏನು ಬದಲಿಸಿದರೂ ಸಿಮ್ಯುಲೇಶನ್‌ಗೆ ತಿಳಿಯುವುದಿಲ್ಲ, ಎರರ್ ಕೂಡ ಬರುವುದಿಲ್ಲ. ಬದಲಾವಣೆ ಏನಿದ್ದರೂ ಜಂಕ್ಷನ್ ಮೂಲಕ, ಲೇಯರ್ ಹೆಸರು ಹೇಳಿ ಮಾಡಬೇಕು. ಪ್ರತಿ ಲೇಯರ್‌ಗೂ ಬೇರೆ ಹೆಸರಿರಬೇಕು. ಕಪ್ಲಿಂಗ್ ಚಿಹ್ನೆಯ ಬಗ್ಗೆ ಬೇರೆ ಬೇರೆ ಪ್ರೋಗ್ರಾಂಗಳಲ್ಲಿ ಬೇರೆ ಬೇರೆ ರೂಢಿ ಇರುವುದರಿಂದ, ಒಮ್ಮೆ ಸೊನ್ನೆ ಕ್ಷೇತ್ರದಲ್ಲಿ, ಆರಂಭದ ದಿಕ್ಕುಗಳನ್ನು 90 ಡಿಗ್ರಿ ಅಂತರದಲ್ಲಿಟ್ಟು ಓಡಿಸಿ: ಮೈನಸ್ ಕೊಟ್ಟಾಗ ಎದುರುಬದುರಾಗಿ ನಿಂತರೆ ಚಿಹ್ನೆ ಸರಿ.

ತಾಪಮಾನ ಸೇರಿಸುವ ಯೋಚನೆಯಿದ್ದರೆ ಪದರದ ವಿಸ್ತೀರ್ಣವನ್ನು ನಿಜವಾದ ಅಳತೆಯಲ್ಲೇ ಕೊಡಿ, ಏಕೆಂದರೆ ಅಲುಗಾಟದ ಪ್ರಮಾಣ ಗಾತ್ರ ಕಡಿಮೆಯಾದಷ್ಟೂ ಹೆಚ್ಚುತ್ತದೆ. ಸಾಲ್ವರ್ (ಹೆಜ್ಜೆ ಹೆಜ್ಜೆಯಾಗಿ ಲೆಕ್ಕ ಹಾಕುವ ವಿಧಾನ) ಹಾಯ್ನ್ ಆಗಿರಲಿ, ಹೆಜ್ಜೆ 0.1 ಪಿಕೋಸೆಕೆಂಡಿನ ಆಸುಪಾಸಿನಲ್ಲಿ. ಒಂದೇ ಓಟದ ಫಲಿತಾಂಶಕ್ಕೆ ಬೆಲೆಯಿಲ್ಲ, ಹಲವು ಓಟಗಳ ಸರಾಸರಿ ಬೇಕು.

ಇದೆಲ್ಲ ಇಡೀ ಪದರ ಒಂದೇ ಸ್ಪಿನ್‌ನಂತೆ ತಿರುಗುತ್ತದೆ ಎಂಬ ಊಹೆಯ ಮೇಲೆ ನಿಂತಿದೆ. ಮೇಲಿನ ಮೂರು ಸಂಖ್ಯೆಗಳಿಗೆ, ಸ್ಯಾಚುರೇಟ್ ಆದ ಫಿಲ್ಮ್‌ನ ಅನುರಣನಕ್ಕೆ, ಈ ಊಹೆ ಚೆನ್ನಾಗಿ ಒಗ್ಗುತ್ತದೆ. ಲಂಬ ಅನೈಸೋಟ್ರಪಿಯ ಅಗಲ ಫಿಲ್ಮ್‌ನಲ್ಲಿ ಕ್ಷೇತ್ರ ತಿರುಗಿಸಿದಾಗ ಹಾಗಲ್ಲ, ಅಲ್ಲಿ ಡೊಮೈನ್ ಗೋಡೆಗಳು (ಬೇರೆ ಬೇರೆ ದಿಕ್ಕಿನ ಪ್ರದೇಶಗಳ ನಡುವಿನ ಗಡಿಗಳು) ಓಡಾಡಿ, ಸಿಮ್ಯುಲೇಶನ್ ಹೇಳುವುದಕ್ಕಿಂತ ಬಹಳ ಕಡಿಮೆ ಕ್ಷೇತ್ರದಲ್ಲೇ ತಿರುಗುವಿಕೆ ಮುಗಿದಿರುತ್ತದೆ. ನಿಮ್ಮ ವಸ್ತುವಿನ ಎಕ್ಸ್‌ಚೇಂಜ್ ಸ್ಟಿಫ್‌ನೆಸ್ ಪ್ರತಿ ಮೀಟರಿಗೆ 15 ಪಿಕೋಜೂಲ್ ಎಂದಿಟ್ಟುಕೊಂಡರೆ ಎಕ್ಸ್‌ಚೇಂಜ್ ಲೆಂಗ್ತ್ 5 ನ್ಯಾನೋಮೀಟರ್. ರಚನೆ ಇದರ ಹಲವು ಪಟ್ಟು ಅಗಲವಿದ್ದು, ಒಳಗೆ ಡೊಮೈನ್, ವೋರ್ಟೆಕ್ಸ್ ಅಥವಾ ಸ್ಕಿರ್ಮಿಯಾನ್ ಇರಬಹುದಾದರೆ ಮೈಕ್ರೋಮ್ಯಾಗ್ನೆಟಿಕ್ ಪ್ರೋಗ್ರಾಂ ಬೇಕೇ ಬೇಕು. ಮುಮ್ಯಾಕ್ಸ್3 ಒಳ್ಳೆಯ ಆಯ್ಕೆ, ಆದರೆ ಅದಕ್ಕೆ ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಇರಬೇಕು, ಮತ್ತು ಅಲ್ಲಿ ಸ್ಯಾಚುರೇಶನ್ ಜಾಗದಲ್ಲಿ 1.2 ಅಲ್ಲ, 955000 ಎಂದೇ ಬರೆಯಬೇಕು. ಅಲ್ಲಿಯೂ ಮೊದಲ ಓಟ ಇದೇ ಎರಡು ಪದರಗಳದ್ದಾಗಿರಲಿ: 11.4, 31.8, 444.